ಅದು ಕಳೆಯಲ್ಲ

ಆ ಕಡಲತೀರದಲ್ಲಿ ಹಿಂದೆ ಒಂದು ಸಣ್ಣ ರೈಲು ನಿಲ್ದಾಣವಿತ್ತು. ಅದರ ಬೆನ್ನಿಗೆ ಕೆಲಸಗಾರರ ಮನೆಗಳ ಒಂದೇ ಸಾಲು. ಹಳಿ ಕಿತ್ತುಕೊಂಡು ಹೋದ ಮೇಲೆ ಜನರೂ ಹೋದರು. ಈಗ ಅದು ಸಂರಕ್ಷಿತ ತೀರ.

ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್ ಆಗಿದ್ದ ಅಜ್ಜ ಮಾತ್ರ ಅಜ್ಜಿಯ ಜೊತೆ ಆಗಾಗ ಬರುತ್ತಿದ್ದರು. ಅವರ ಮನೆಯ ಹಿತ್ತಲಿದ್ದ ಜಾಗದಲ್ಲೇ ಮೊದಲ ಮಗಳನ್ನು ಮಣ್ಣು ಮಾಡಿದ್ದು. ಇನ್ನೂ ನಡೆಯಲು ಕಲಿಯದ ಮಗು. ಅಜ್ಜ ಅಲ್ಲಿ ಕುಕ್ಕರುಗಾಲಲ್ಲಿ ಕೂತು, ಮರಳಿನ ಮೇಲೆ ಹಬ್ಬಿದ ಬಳ್ಳಿಯನ್ನು ಬೇರುಸಮೇತ ಕೀಳುತ್ತಿದ್ದರು. ಹಳಿಗಳ ನಡುವೆ ಹುಲ್ಲು ಕಂಡರೆ ಕಿತ್ತೆಸೆದು ಪಳಗಿದ ಕೈ ಅದು.

ತೀರ ಕಾಯುವ ಹುಡುಗಿ ಒಂದು ದಿನ ಓಡಿ ಬಂದಳು.

"ಅಜ್ಜಾ, ಕೀಳ್ಬೇಡಿ!"

"ಯಾಕಮ್ಮಾ, ಬಳ್ಳಿಗೂ ಪಿಂಚಣಿ ಕೊಡ್ತಾರಾ ಈಗ? ಕಳೆ ಇದು."

"ಕಳೆ ಅಲ್ಲ. ಮರಳು ಹಿಡ್ಕೊಂಡಿರೋದೇ ಅದು."

"ಸುಮ್ನಿರು. ಬೆರಳು ದಪ್ಪ ಇಲ್ಲ, ಸಮುದ್ರ ತಡೆಯುತ್ತಂತೆ!"

"ಹಳಿ ಕೆಳಗೆ ಜಲ್ಲಿ ಯಾಕೆ ಹಾಕ್ತಿದ್ರಿ?"

"ಹಳಿ ಜಾರ್ಬಾರ್ದು ಅಂತ."

"ಆ ಜಲ್ಲೀನ ಗುಡಿಸಿ ಚೊಕ್ಕ ಮಾಡಿದ್ರೆ?"

ಹುಡುಗಿ ಕೈ ತೋರಿಸಿದಳು. ಎರಡೂ ಬದಿ, ಬಳ್ಳಿ ಇದ್ದಲ್ಲಿ, ಮರಳು ಸೊಂಟದೆತ್ತರಕ್ಕೆ ದಿಬ್ಬವಾಗಿ ನಿಂತಿತ್ತು. ಅಜ್ಜ ಕಿತ್ತು ಕಿತ್ತು ಬರಿದು ಮಾಡಿದ ಕಡೆ ಗಾಳಿ ಮರಳನ್ನು ಹೊತ್ತೊಯ್ದು ತಗ್ಗಾಗಿತ್ತು. ತಗ್ಗಿನ ಬಾಯಲ್ಲಿ ಅಲೆ ಬಂದು ಹೋದ ಹಸಿ ಗುರುತು.

ಅಜ್ಜಿ ಆ ಗುರುತಿನ ಹತ್ತಿರ ಹೋಗಿ ನೋಡಿ ಕೇಳಿದರು, "ಮುಂದಿನ ಮಳೆಗಾಲಕ್ಕೆ ಮಗು ಇರುತ್ತಾ ಇಲ್ಲಿ?"

"ಹೀಗೇ ಬಿಟ್ರೆ ಹೇಳಕ್ಕಾಗಲ್ಲ ಅಜ್ಜಿ. ಬಳ್ಳಿ ಹಬ್ಬಿದ್ರೆ ಮರಳು ಮತ್ತೆ ನಿಲ್ಲುತ್ತೆ. ಕಿತ್ತಿದ್ದನ್ನೇ ಹಸಿ ಮರಳಲ್ಲಿ ಊರ್ಬಿಡಿ, ಬಳ್ಳಿಯ ಗಿಣ್ಣಿಗೆ ಬೇರು ಬರುತ್ತೆ."

"ಹಬ್ಬಿದ್ರೆ ಗುರುತು ಸಿಗಲ್ವಲ್ಲೇ," ಎಂದರು ಅಜ್ಜ. "ಎಲ್ಲಿ ಅಂತ ಹುಡುಕೋದು?"

"ಹುಡುಕೋದು ಬೇಡ," ಎಂದರು ಅಜ್ಜಿ. "ಅವಳು ಇದ್ರೆ ಸಾಕು."

ಅಜ್ಜಿಯೇ ಮೊದಲು ಕೂತರು. ಆಮೇಲೆ ಅಜ್ಜ. ಇಬ್ಬರೂ ಒಂದೊಂದೇ ತುಂಡನ್ನು ಮರಳಲ್ಲಿ ಊರುತ್ತಾ ಹೋದರು. ಹುಡುಗಿ ದೂರದಿಂದ ನೀರು ಹೊತ್ತು ತಂದಳು.

ತೀರಕ್ಕೆ ಬರುವವರೇ, ದಿಬ್ಬದ ಬಳ್ಳಿ ಕೀಳಬೇಡಿ. ಅದರ ಮೇಲೆ ನಡೆಯಬೇಡಿ, ಗಾಡಿ ಹತ್ತಿಸಬೇಡಿ. ಕಾಲುದಾರಿ ಬಿಟ್ಟು ಹೋಗಬೇಡಿ. ನಿಮಗೆ ಬರೀ ಮರಳಾಗಿ ಕಾಣುವ ಕಡೆ ಯಾರದೋ ಮನೆಯಿತ್ತು. ಯಾರದೋ ಮಗು ಅಲ್ಲಿ ಮಲಗಿದೆ.