ಸೂರಿನ ಖರ್ಚು

ಬಿಸಿ ಅಂಟಿನ ವಾಸನೆ ಮೂಗಿಗೆ ಬಡಿದರೆ ನನಗೆ ಇಂದಿಗೂ ಏಳು ವರ್ಷ. ಅಪ್ಪ ಸಣ್ಣ ಒಲೆಯ ಮೇಲೆ ತಗಡಿನ ಡಬ್ಬಿಯಲ್ಲಿ ಅಂಟು ಕಾಯಿಸುತ್ತಿದ್ದರು. ಸುಟ್ಟ ಗೊರಸಿನಂಥ ಕೆಟ್ಟ ವಾಸನೆ, ಅದರ ಬೆನ್ನಿಗೇ ಆಗಷ್ಟೇ ಕೀಸಿದ ಮರದ ಕಂಪು. ಎರಡೂ ಅಪ್ಪನ ಅಂಗಿಯಲ್ಲಿ ಸೇರಿಹೋಗಿದ್ದವು. ಕೆಲಸಗಾರರು ಹೊರಟ ಮೇಲೆ ನನ್ನನ್ನು ಬೆಂಚಿನ ಮೇಲೆ ಕೂರಿಸಿ ಲೆಕ್ಕ ಹೇಳಿಕೊಡುತ್ತಿದ್ದರು.

"ಕುರ್ಚಿ ಕೊಳ್ಳೋನು ಬರೀ ಮರಕ್ಕೂ ಕೂಲಿಗೂ ದುಡ್ಡು ಕೊಟ್ರೆ ನಾವು ಬೀದಿಗೆ ಬೀಳ್ತೀವಿ ಮಗಳೇ. ಬಾಡಿಗೆ, ದೀಪ, ಬಾಗಿಲು ಕಾಯೋ ಅಜ್ಜನ ಸಂಬಳ, ಇದನ್ನೆಲ್ಲ ಒಂದೊಂದು ಕುರ್ಚಿನೂ ಒಂದಿಷ್ಟು ಹೊರಬೇಕು."

ಇದಕ್ಕೆ ಅವರು ಇಟ್ಟ ಹೆಸರು ಸೂರಿನ ಖರ್ಚು. ಯಾವ ಸಾಮಾನಿನ ಮೇಲೆ ಎಷ್ಟು ಹೊರಿಸಬೇಕು ಎಂಬುದಕ್ಕೂ ಅವರದೇ ಕ್ರಮವಿತ್ತು. ಪ್ರತಿ ಸಾಮಾನಿಗೆ ಒಂದು ಚೀಟಿ. ಆ ಸಾಮಾನಿನ ಕೆಲಸಕ್ಕೆ ಕೈಹಾಕಿದವರೆಲ್ಲ ತಮ್ಮ ಗಂಟೆಗಳನ್ನು ಆ ಚೀಟಿಯಲ್ಲಿ ಬರೆಯಬೇಕು. ಹೆಚ್ಚು ಗಂಟೆ ಹಿಡಿದ ಸಾಮಾನಿಗೆ ಹೆಚ್ಚು ಖರ್ಚು. ಕಾಲೇಜು ಮುಗಿಸಿ ಬಂದು ಲೆಕ್ಕದ ಮೇಜಿಗೆ ಕೂತ ಮೇಲೂ ನಾನು ಆ ಕ್ರಮ ಬದಲಿಸಲಿಲ್ಲ. ಬದಲಿಸಬೇಕೆಂದು ಹೊಳೆಯಲೂ ಇಲ್ಲ.

ಅಪ್ಪನ ನಂತರ ಕಾರ್ಖಾನೆ ತಮ್ಮಂದಿರಿಬ್ಬರ ಪಾಲಾಯಿತು. ದೊಡ್ಡ ತಮ್ಮ ಮುಂದಿನ ಶೆಡ್ಡಿನಲ್ಲಿ ಸಾಲ ಮಾಡಿ ಹಲಗೆ ಕತ್ತರಿಸುವ ಯಂತ್ರ ತಂದು ಬೀರು ಮಾಡತೊಡಗಿದ. ಚಿಕ್ಕವನು ಹಿಂದಿನ ಶೆಡ್ಡಿನಲ್ಲಿ ನಾಲ್ಕು ಜನರನ್ನು ಇಟ್ಟುಕೊಂಡು ಕೈಯಿಂದಲೇ ಕುರ್ಚಿ ಮಾಡುತ್ತಿದ್ದ. ಆರು ವರ್ಷದಿಂದ ನನ್ನ ಲೆಕ್ಕದಲ್ಲಿ ಬೀರಿಗೆ ಲಾಭ, ಕುರ್ಚಿಗೆ ನಷ್ಟ. ಎರಡು ವರ್ಷದ ಹಿಂದೆ ದೊಡ್ಡವನು ಆ ಲೆಕ್ಕ ತೋರಿಸಿಯೇ ಚಿಕ್ಕವನ ಪಾಲಿನ ಲಾಭ ನಿಲ್ಲಿಸಿ, ಕೆಲಸಗಾರರಿಗೆ ಕೊಡುವಷ್ಟೇ ಕೂಲಿ ಗೊತ್ತುಮಾಡಿದ. ಚಿಕ್ಕವನು ಸ್ಕೂಟರ್ ಮಾರಿದ. ನಡೆದುಕೊಂಡೇ ಬರುತ್ತಿದ್ದ. ದಾರಿಯಲ್ಲಿ ನಾನು ಸಿಕ್ಕರೆ ಮಾತಾಡುತ್ತಿರಲಿಲ್ಲ, ಆದರೆ ನನ್ನ ಕೈಯ ಚೀಲ ಕಿತ್ತುಕೊಂಡು ಮುಂದೆ ನಡೆಯುತ್ತಿದ್ದ.

ಈಗ ದೊಡ್ಡವನು ಹಿಂದಿನ ಶೆಡ್ಡನ್ನೇ ಮುಚ್ಚಲು ಹೊರಟಿದ್ದ. ಆ ಗುರುವಾರ ಮೂರು ಗಂಟೆಗೆ ಹಳೇ ಸಾಮಾನು ಕೊಳ್ಳುವವನು ಬಂದು ಬೆಂಚುಗಳನ್ನು ಹೊತ್ತೊಯ್ಯುವುದೆಂದು ನಿಶ್ಚಯವಾಗಿತ್ತು. ಅವುಗಳಲ್ಲಿ ಅಪ್ಪನ ಬೆಂಚೂ ಒಂದು.

ಹನ್ನೊಂದು ಗಂಟೆಗೆ ಎಲ್ಲರೂ ಲೆಕ್ಕದ ಕೋಣೆಯಲ್ಲಿ ಸೇರಿದರು. ನಾನಿರುವುದು ದೊಡ್ಡವನ ಮನೆಯಲ್ಲಿ. ನನ್ನ ಊಟದ ಕ್ಯಾರಿಯರ್ ಹಿಡಿದು ಅವನ ಹೆಂಡತಿಯೂ ಬಂದಿದ್ದಳು.

"ಸಹಿ ಹಾಕು," ದೊಡ್ಡವನು ಶೆಡ್ ಮುಚ್ಚುವ ಒಪ್ಪಿಗೆಯ ಕಾಗದವನ್ನು ತಮ್ಮನತ್ತ ತಳ್ಳಿದ.

"ಹಾಕದಿದ್ರೆ?" ಎಂದ ಚಿಕ್ಕವನು.

"ಹಾಕದಿದ್ರೆ ನಿನ್ನ ನಷ್ಟ ನೀನೇ ತುಂಬು. ಒಂದೊಂದು ಕುರ್ಚಿಗೆ ಇನ್ನೂರು ಕೈಬಿಟ್ಟು ಹೋಗ್ತಿದೆ. ನನ್ನ ಬೀರು ದುಡಿದು ನಿನ್ನ ಕುರ್ಚಿ ಸಾಕಬೇಕಾ?"

"ನಿನ್ನ ಬೀರಿಗೆ ನೀರು ಬಿದ್ರೆ ಉಬ್ಬಿ ಬಸುರಿ ಥರ ಆಗುತ್ತೆ. ಅದಕ್ಕೆ ಬೇರೆ ಹೆಮ್ಮೆ!"

"ಮೈದುನರೇ, ಬಾಯಿ ಬಿಗಿ ಹಿಡೀರಿ," ಎಂದಳು ನಾದಿನಿ. "ಇಷ್ಟು ದಿನ ಸಹಿಸಿದ್ದೇ ಹೆಚ್ಚು."

"ನೀವು ಸಹಿಸಿದ್ದು ಏನತ್ತಿಗೆ? ಹೊಸ ಬಳೆ ಭಾರಾನಾ?"

ನಾನು ಬಾಯಿ ತೆರೆದೆ.

"ಸಹಿ ಬೇಡ. ಲೆಕ್ಕ ತಪ್ಪಿದೆ. ತಪ್ಪು ನನ್ನದು."

ಹೊಸದಾಗಿ ಬರೆದ ಲೆಕ್ಕದ ಹಾಳೆಯನ್ನು ಮೇಜಿನ ಮೇಲಿಟ್ಟೆ. ಹೋದ ತಿಂಗಳು ಹಲಗೆಯ ಯಂತ್ರ ಕೆಟ್ಟು ಹನ್ನೆರಡು ದಿನ ನಿಂತಿತ್ತು. ಕುರ್ಚಿಗಳು ಮಾತ್ರ ಎಂದಿನಂತೆ ನಲವತ್ತು ಆಗಿದ್ದವು. ವಿದ್ಯುತ್ ಬಿಲ್ಲು ಅರ್ಧಕ್ಕಿಳಿದಿತ್ತು. ಆ ಬಿಲ್ಲು ಹಿಡಿದು ಕೂತವಳಿಗೆ ಈ ಕರೆಂಟು ಕುರ್ಚಿಯದಲ್ಲ ಎನಿಸಿ, ಮೂರು ಮಧ್ಯಾಹ್ನ ಹಳೆಯ ಚೀಟಿಗಳನ್ನೆಲ್ಲ ತೆಗೆದು ನೋಡಿದ್ದೆ.

"ತಿಂಗಳಿಗೆ ಸೂರಿನ ಖರ್ಚು ಲಕ್ಷದ ಎಂಬತ್ತು ಸಾವಿರ," ಎಂದೆ. "ಅದರಲ್ಲಿ ಲಕ್ಷದ ಇಪ್ಪತ್ತಾರು ಸಾವಿರ ನಿನ್ನ ಯಂತ್ರದ್ದೇ. ಅದರ ಸಾಲದ ಕಂತು, ಅದರ ಕರೆಂಟು, ಬ್ಲೇಡು, ರಿಪೇರಿ. ನಾನು ಅದನ್ನೂ ಕೈಕೆಲಸದ ಗಂಟೆಯ ಮೇಲೇ ಹಂಚಿದೆ. ಕುರ್ಚಿಗೆ ಹದಿನೈದು ಗಂಟೆ ಕೈಕೆಲಸ, ಬೀರಿಗೆ ಐದೇ. ಯಂತ್ರವನ್ನ ಒಂದು ದಿನಾನೂ ಮುಟ್ಟದ ಕುರ್ಚಿ ಅದರ ಸಾಲ ತೀರಿಸ್ತಾ ಬಂತು."

"ಅಪ್ಪ ಹಾಕಿಕೊಟ್ಟ ಲೆಕ್ಕ ಅದು!" ದೊಡ್ಡವನು ಮೇಜು ಗುದ್ದಿದ.

"ಅಪ್ಪನ ಕಾಲದಲ್ಲಿ ಎಲ್ಲವೂ ಕೈಕೆಲಸವೇ ಆಗಿತ್ತು. ಯಂತ್ರ ಬಂದ ದಿನವೇ ನಾನು ಲೆಕ್ಕ ಬದಲಿಸಬೇಕಿತ್ತು. ಯಂತ್ರದ ಖರ್ಚನ್ನ ಬೀರಿನ ಮೇಲೇ ಹಾಕಿದ್ರೆ ಕುರ್ಚಿಗೆ ಸಾವಿರದ ಒಂಬೈನೂರು ಲಾಭ. ಬೀರಿಗೆ ಸಾವಿರದ ಏಳುನೂರಲ್ಲ, ಬರೀ ಮುನ್ನೂರು."

ದೊಡ್ಡವನ ಕಿವಿ ಕೆಂಪಾಯಿತು. ಚಿಕ್ಕಂದಿನಲ್ಲಿ ಬೈಸಿಕೊಂಡಾಗಲೂ ಮೊದಲು ಕೆಂಪಾಗುತ್ತಿದ್ದುದು ಅವನ ಕಿವಿಯೇ.

"ನೋಡಿದ್ರಾ?" ನಾದಿನಿ ಗಂಡನತ್ತ ತಿರುಗಿದಳು. "ನಮ್ಮ ಮನೇಲಿ ಉಂಡು, ಹಿಂದಿನ ಶೆಡ್ಡಿಗೆ ವಕಾಲತ್ತು." ಆಮೇಲೆ ನನಗೆ, "ಅತ್ತಿಗೆ, ಇದಕ್ಕೇನಾ ನಿಮ್ಮನ್ನ ಕಾಲೇಜಿಗೆ ಕಳಿಸಿದ್ದು?"

"ಒಟ್ಟು ಲಾಭ ಅಷ್ಟೇ ತಾನೆ?" ದೊಡ್ಡವನು ನನ್ನ ಹಾಳೆಯನ್ನು ಎಳೆದುಕೊಂಡ. "ಹಂಚೋದು ಹೇಗಾದ್ರೂ ಹಂಚು, ತೊಂಬತ್ನಾಲ್ಕು ಸಾವಿರ. ಕಾಗದದ ಆಟ ಇದು! ಶೆಡ್ ಮುಚ್ಚೇ ಮುಚ್ತೀನಿ."

"ಮುಚ್ಚು. ಮುಚ್ಚಿದ ಮೇಲೆ ಬಾಡಿಗೆ ಕಡಿಮೆ ಆಗುತ್ತಾ? ಕಾವಲಿನವರ ಸಂಬಳ? ನನ್ನ ಸಂಬಳ? ಅಷ್ಟೂ ಖರ್ಚು ನಿನ್ನ ಅರವತ್ತು ಬೀರಿನ ಮೇಲೆ ಬೀಳುತ್ತೆ. ಒಂದೊಂದಕ್ಕೆ ಮೂರು ಸಾವಿರ. ಹಲಗೆ, ಕೂಲಿ ಕಳೆದು ನಿನ್ನ ಬೀರಲ್ಲಿ ಉಳಿಯೋದು ಎರಡು ಸಾವಿರದ ಏಳುನೂರು. ಒಂದು ಬೀರು ಮಾರಿದಾಗಲೆಲ್ಲ ಮುನ್ನೂರು ಕಳ್ಕೋತೀಯ."

ಅವನು ಸೀಸದಕಡ್ಡಿ ತೆಗೆದುಕೊಂಡು ತಾನೇ ಕೂಡಿದ, ಭಾಗಿಸಿದ, ಹೊಡೆದುಹಾಕಿ ಮತ್ತೆ ಭಾಗಿಸಿದ. ಮೂರನೆಯ ಸಲವೂ ಅದೇ ಬಂದಾಗ ಕಡ್ಡಿಯನ್ನು ಗೋಡೆಗೆ ಎಸೆದ.

"ಗುಜರಿಯವನಿಗೆ ಬರಬೇಡ ಅಂತ ಹೇಳ್ತೀನಿ," ಎಂದ ನನ್ನ ಮುಖ ನೋಡದೆ. "ಆದ್ರೆ ನಾಳೆಯಿಂದ ಈ ಮೇಜಿಗೆ ಬೇರೆಯವರು ಬರ್ತಾರೆ. ಆರು ವರ್ಷ ತಪ್ಪು ಬರೆದೋಳ ಕೈಲಿ ಲೆಕ್ಕ ಬೇಡ ನಂಗೆ."

ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ನಾನು ತಲೆಯಾಡಿಸಿದೆ. ನಾದಿನಿ ಮೇಜಿನ ಮೇಲಿಟ್ಟಿದ್ದ ಕ್ಯಾರಿಯರ್ ಎತ್ತಿಕೊಂಡು ಗಂಡನ ಹಿಂದೆಯೇ ನಡೆದುಬಿಟ್ಟಳು. ಬಾಗಿಲಲ್ಲಿ ಒಂದು ಗಳಿಗೆ ನಿಂತಂತೆ ಕಂಡಿತು. ಹಿಂತಿರುಗಲಿಲ್ಲ.

ಚಿಕ್ಕವನು ಖುಷಿಪಟ್ಟಾನೆಂದು ನಾನು ಎಣಿಸಿದ್ದೆ. ಅವನು ಬಾಗಿಲು ಹಾಕಿ ಬಂದು ನನ್ನೆದುರು ನಿಂತ.

"ಆರು ವರ್ಷ, ಅಕ್ಕ."

"ಗೊತ್ತು ಕಣೋ."

"ಏನು ಗೊತ್ತು? ಆ ನಾಲ್ಕು ಜನ ಹಬೆಯಲ್ಲಿ ಮರ ಬಗ್ಗಿಸಿ ಕೈ ಸುಟ್ಕೋತಾರೆ, ಅವರಿಗೆ ತಿಂಗಳು ತಿಂಗಳೂ ನಿಮ್ಮ ಕೆಲಸ ದಂಡ ಅಂದಿದೀನಿ. ನಿನ್ನ ಹಾಳೆ ನೋಡಿ ಅಂದಿದೀನಿ. ಮನೇಲಿ ಹೆಂಡತಿ ಮುಖ ನೋಡೋಕೆ ಆಗ್ತಿರಲಿಲ್ಲ. ನನ್ನ ಕೈಯೇ ಕೆಟ್ಟದು ಅಂದ್ಕೊಂಡಿದ್ದೆ. ನೀನು ಇಲ್ಲಿ ಫ್ಯಾನಿನ ಕೆಳಗೆ ಕೂತು ಗಂಟೆ ಕೂಡ್ತಿದ್ದೆ!"

"ನಂಗೆ ಹೊಳೀಲಿಲ್ಲ."

"ಹೊಳೀಲಿಲ್ವಂತೆ!" ಅವನು ಆರು ವರ್ಷದ ಚೀಟಿಗಳ ಕಟ್ಟನ್ನು ಮೇಜಿನಿಂದ ಕೆಳಗೆ ದೂಡಿದ. "ಅಣ್ಣ ನಂಗೆ ಶತ್ರು ಅಂತ ಗೊತ್ತಿತ್ತು. ನೀನೂ ಅಂತ ಗೊತ್ತಿರಲಿಲ್ಲ."

ಅವನು ಹೊರಟುಹೋದ. ನಾನು ನೆಲದ ಮೇಲೆ ಕೂತು ಚೀಟಿಗಳನ್ನು ಆಯ್ದೆ. ಕೆಲವುಗಳಲ್ಲಿ ಅವನದೇ ಅಕ್ಷರವಿತ್ತು. ಒಂದೊಂದು ಗಂಟೆಯನ್ನೂ ಪ್ರಾಮಾಣಿಕವಾಗಿ ಬರೆದಿದ್ದ. ಕಡಿಮೆ ಬರೆದಿದ್ದರೆ ಅವನ ನಷ್ಟ ಅಷ್ಟು ಇಳಿಯುತ್ತಿತ್ತು. ನನಗದು ಅವತ್ತೇ ಹೊಳೆದದ್ದು.

ಒಂದು ಗಂಟೆಯಾಯಿತು. ಎರಡಾಯಿತು. ಮುಂದಿನ ಶೆಡ್ಡಿನಲ್ಲಿ ಯಂತ್ರ ಕಿರುಚುತ್ತಿತ್ತು. ಹಿಂದಿನ ಶೆಡ್ಡಿನಲ್ಲಿ ಸದ್ದಿಲ್ಲ, ಊಟದ ಹೊತ್ತು. ನಾನು ಕನ್ನಡಕ, ಪೆನ್ನು, ಅಪ್ಪ ಕೊಟ್ಟಿದ್ದ ಮರದ ಅಳತೆಪಟ್ಟಿಯನ್ನು ಚೀಲಕ್ಕೆ ಹಾಕಿಕೊಂಡೆ. ಹಸಿವಿಗೆ ತಲೆ ಸುತ್ತಿದಂತಾಗಿ ಮತ್ತೆ ಕೂತೆ.

ಬಾಗಿಲು ತೆರೆಯಿತು. ಚಿಕ್ಕವನ ಅಂಗಿಯಿಂದ ಬಿಸಿ ಅಂಟಿನ ವಾಸನೆ ಬರುತ್ತಿತ್ತು. ಮುಖದ ಗಂಟು ಸಡಿಲವಾಗಿರಲಿಲ್ಲ. ಅವನು ನನ್ನತ್ತ ನೋಡಲೂ ಇಲ್ಲ. ತನ್ನ ಊಟದ ಡಬ್ಬಿಯನ್ನು ನನ್ನ ಕೈಗಿಟ್ಟು ಹಿಂದಿನ ಶೆಡ್ಡಿಗೆ ನಡೆದ. ಮುಚ್ಚಳ ತೆಗೆದೆ. ಅವನು ಅದನ್ನು ಮುಟ್ಟೇ ಇರಲಿಲ್ಲ.