ಬರೋ ವರ್ಷದ ಔಷಧ

ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ವಾಣಿ ಎರಡು ವರ್ಷದಿಂದ ಕ್ಷಯರೋಗಕ್ಕೆ ಹೊಸ ಔಷಧ ಹುಡುಕುತ್ತಿದ್ದಳು. ತಟ್ಟೆಯ ಪುಟ್ಟ ಗುಳಿಗಳಲ್ಲಿ ಕ್ಷಯದ ಬ್ಯಾಕ್ಟೀರಿಯಾಕ್ಕೆ ಒಂದೊಂದು ರಾಸಾಯನಿಕ ಬೆರೆಸಿ, ನೀಲಿ ಬಣ್ಣ ಹಾಕಿ ಕಾಯಬೇಕು. ಬ್ಯಾಕ್ಟೀರಿಯಾ ಬದುಕಿದ್ದರೆ ಬಣ್ಣ ಗುಲಾಬಿಗೆ ತಿರುಗುತ್ತದೆ. ಮುನ್ನೂರಕ್ಕೂ ಹೆಚ್ಚು ಸಲ ಗುಲಾಬಿಯನ್ನೇ ಕಂಡವಳಿಗೆ ಆ ಸೋಮವಾರ ಒಂದು ಗುಳಿ ನೀಲಿಯಾಗಿಯೇ ಕಂಡಿತು.

ಸಿಕ್ಕಿದ ಬಸ್ಸು ಹತ್ತಿ ಭದ್ರಾವತಿಗೆ, ಅಣ್ಣ ರೂಪೇಶನ ಮನೆಗೆ ಓಡಿದಳು. ಸಾಮಾನ್ಯ ಔಷಧಕ್ಕೆ ಬಗ್ಗದ ಕ್ಷಯ ಅವನನ್ನು ಹಾಸಿಗೆ ಹಿಡಿಸಿತ್ತು. ಆಸ್ಪತ್ರೆಯಲ್ಲಿ ಬೇರೆ ಮಾತ್ರೆ ಕೊಟ್ಟಿದ್ದರು. ನುಂಗಿದರೆ ವಾಂತಿಯಾಗುತ್ತದೆಂದು ಅವನು ಅದನ್ನೂ ಬಿಟ್ಟಿದ್ದ.

“ನಿನ್ನ ಔಷಧ ನನಗೆ ಯಾವಾಗ ಸಿಗುತ್ತೆ ಮಾರಾಯ್ತಿ?” ಎಂದು ನೀಲಿ ಗುಳಿಯ ಸುದ್ದಿ ಕೇಳಿದವನು ಕೇಳಿದ.

ಹತ್ತು ವರ್ಷವಾದರೂ ಬೇಕೆಂದು ವಾಣಿಗೆ ಗೊತ್ತಿತ್ತು. “ಬರೋ ವರ್ಷ ಅಣ್ಣ. ಅಲ್ಲೀತನಕ ಈ ಮಾತ್ರೆ ಮತ್ತೆ ತಗೋ, ಬಿಡಬೇಡ” ಎಂದಳು.

ಅವನು ಬಿಡಲಿಲ್ಲ. ವಾಂತಿಯಾದರೂ ಬಾಯಿ ಒರೆಸಿಕೊಂಡು ಮತ್ತೆ ನುಂಗಿದ. ಆದರೂ ಐದನೇ ತಿಂಗಳಿಗೆ ತೀರಿಕೊಂಡ. ಅಷ್ಟರಲ್ಲಿ ಮುಂದಿನ ಪರೀಕ್ಷೆಯ ಫಲಿತಾಂಶವೂ ಬಂದಿತ್ತು. ಆ ರಾಸಾಯನಿಕ ಮನುಷ್ಯರ ಜೀವಕೋಶಗಳನ್ನೂ ಕೊಲ್ಲುತ್ತಿತ್ತು.

ತಿಥಿಯ ದಿನ ಅತ್ತಿಗೆ ಸುಮನಾ, “ಔಷಧ ಬರುತ್ತಲ್ಲಾ ವಾಣಿ? ಬೇರೆಯವರಾದ್ರೂ ಉಳ್ಕೊಳ್ಳಲಿ” ಎಂದಳು.

ವಾಣಿ ಅವಳ ಕೈ ಹಿಡಿದು ಎಲ್ಲ ಹೇಳಿದಳು. ಆ ಔಷಧ ಬರುವುದಿಲ್ಲ, ಬರೋ ವರ್ಷ ಅಂದದ್ದೂ ಸುಳ್ಳು.

“ನಿನ್ನ ಮಾತು ನಂಬ್ಕೊಂಡು ಎಷ್ಟು ಸಂಕಟಪಟ್ಟು ನುಂಗಿದ್ರು ಗೊತ್ತಾ?” ಎಂದ ಸುಮನಾ ಕೈ ಬಿಡಿಸಿಕೊಂಡು ಒಳಗೆ ಹೋದಳು.

ವಾಣಿ ಊಟಕ್ಕೆ ಏಳಲಿಲ್ಲ. ನೆಂಟರೆಲ್ಲ ಹೊರಡುವವರೆಗೂ ಜಗಲಿಯಲ್ಲೇ ಕುಳಿತಿದ್ದಳು.