ಒದ್ದೆಗೈಯಮ್ಮನ ಒಲೆ

"ಇನ್ನೂ ಸ್ವಲ್ಪ... ಇನ್ನೂ ಸ್ವಲ್ಪ... ಹಾಂ, ಗೋಡೆಗೆ ತಾಗಿಸಿಬಿಡಿ."

ಕಟಿಂಗ್ ಶಾಪಿನವನು ಹೇಳಿದಂತೆ ಇಬ್ಬರು ಸೇರಿ ಆ ದೊಡ್ಡ ಕಬ್ಬಿಣದ ಒಲೆಯನ್ನು ಬಲಗಡೆಯ ಗೋಡೆಗೆ ತಳ್ಳಿದರು. ಅದರ ಕಾಲುಗಳು ನೆಲದ ಮೇಲೆ ಕಿರ್ರೆಂದು ಸದ್ದು ಮಾಡಿದವು. ಬಂದವರು ನಿಂತು ಮುಖ ನೋಡಿಕೊಂಡು ಹೋಗಲು ಜಾಗ ಬೇಕಿತ್ತು. ಮುಂದೆ ಬಜ್ಜಿ ಅಂಗಡಿ, ಹಿಂದೆ ಅಡುಗೆಕೋಣೆ, ಮೇಲೆ ತಗಡು. ನಡುವಿನ ಹಲಗೆಯ ಅಡ್ಡಗೋಡೆಯನ್ನು ಬೆಳಗ್ಗೆಯೇ ಬಿಚ್ಚಿಟ್ಟಿದ್ದರು. ಇಪ್ಪತ್ತೆರಡು ವರ್ಷ ಆ ಹಲಗೆಯ ಕಿಂಡಿಯಿಂದ ಬಿಸಿ ತಟ್ಟೆಗಳನ್ನು ಆಚೆ ತಳ್ಳಿದವಳು ಈಗ ಈಚೆ ಚಾಪೆಯ ಮೇಲೆ ಮಲಗಿದ್ದಳು.

"ಇದೇನು ಯಜಮಾನ್ರೇ, ಸೂರಿಂದ ಡಬ್ಬ ನೇತಾಡ್ತಾ ಇದೆ? ತಲೆಗೆ ಹೊಡೀತು ನೋಡಿ."

ಒಲೆಯನ್ನು ಈಗ ತಳ್ಳಿದ್ದ ಜಾಗದ ನೇರಕ್ಕೆ ಎಣ್ಣೆಯ ಹಳೆಯ ತಗಡಿನ ಡಬ್ಬವೊಂದು ತಂತಿಯಲ್ಲಿ ತೂಗುತ್ತಿತ್ತು. ಅವಳ ಮೈದುನ, ಅಂಗಡಿಯ ಯಜಮಾನ, ಅದನ್ನು ನೋಡಿದ. ಅದು ಯಾಕೆ ಅಲ್ಲಿದೆ ಎಂದು ಬಲ್ಲವರು ಇಬ್ಬರೇ ಇಬ್ಬರು. ಒಬ್ಬಳು ಚಾಪೆಯ ಮೇಲಿದ್ದಳು.

"ಏನೋ, ನಮ್ಮತ್ತಿಗೆಯ ಹುಚ್ಚು. ಬಿಚ್ಚಿಹಾಕಿ," ಎಂದ.

ಹೆಣದ ಮುಂದೆ ನಿಂತೂ ಸುಳ್ಳು ಬಾಯಿಗೆ ತಾನಾಗಿ ಬಂತಲ್ಲ ಎಂದು ನಾಚಿಕೆಯಾಯಿತು. ಆದರೆ ಸೂರು ಸೋರುತ್ತದೆ ಎಂದರೆ ಎಲ್ಲಿ, ಯಾವಾಗಿನಿಂದ ಎಂಬ ಪ್ರಶ್ನೆ ಬರುತ್ತದೆ. ಹೇಗೂ ಆಕಾಶ ಬಿಳಿಚಿಕೊಂಡಿತ್ತು, ಮಳೆಯ ಸುಳಿವಿರಲಿಲ್ಲ. ಯಾರೋ ಆ ಡಬ್ಬವನ್ನು ಒಯ್ದು, ಬಂದವರು ಕೈಕಾಲು ತೊಳೆಯಲೆಂದು ಬಾಗಿಲ ಹೊರಗಿನ ನೀರಿನ ಡ್ರಮ್ಮಿನ ಪಕ್ಕ ಇಟ್ಟರು.

ಜನ ಬರುತ್ತಲೇ ಇದ್ದರು. ಹೆಚ್ಚಿನವರು ಗಿರಾಕಿಗಳು. ಆಕೆಯ ಮುಖವನ್ನು ಮೊದಲ ಸಲ ನೋಡುತ್ತಿದ್ದವರೂ ಇದ್ದರು. ಎಡಗಣ್ಣಿನಿಂದ ಕತ್ತಿನವರೆಗೆ ಚರ್ಮ ಸುಕ್ಕುಗಟ್ಟಿ ಹೊಳೆಯುತ್ತಿದ್ದ ಮುಖ ಅದು. ನೋಡಿದವರು ಒಂದು ಕ್ಷಣ ತಡೆದು, ಆಮೇಲೆ ನೆನಪಾದಂತೆ ತಲೆಯಾಡಿಸುತ್ತಿದ್ದರು.

"ಪಾಪ, ಒದ್ದೆಗೈಯಮ್ಮ," ಎಂದರು ರಿಟೈರಾದ ಪೋಸ್ಟ್‌ಮ್ಯಾನ್. "ಮಳೇಲಿ ನೆನೆದು ಟಪಾಲು ಹಂಚಿ ಬಂದ್ರೆ, ಕಿಂಡಿಯಿಂದ ಮೊದಲ ಒಬ್ಬೆ ಬಜ್ಜಿ ನಂಗೇ ಬರೋದು. ಕೇಳೋ ಮುಂಚೆ. ನಾನು ಬಂದಿದ್ದು ಆಯಮ್ಮಂಗೆ ಹೇಗೆ ಗೊತ್ತಾಗ್ತಿತ್ತೋ?"

"ನಿಮ್ಮ ಸೈಕಲ್ ಚೈನಿನ ಸದ್ದು ಸಾಕಲ್ಲ ಸ್ವಾಮಿ, ಊರಿಗೆಲ್ಲ ಗೊತ್ತಾಗೋಕೆ," ಎಂದ ಕಟಿಂಗ್ ಶಾಪಿನವನು. ಸಾವಿನ ಮನೆಯೆಂದು ನೆನಪಾಗಿ ನಗುವನ್ನು ಕೆಮ್ಮಾಗಿ ತಿರುಗಿಸಿಕೊಂಡ.

ಅಮ್ಮನ ತಲೆಯ ಬಳಿ ಮಗಳು ಕೂತಿದ್ದಳು. ಬಸ್ ಕಂಡಕ್ಟರ್ ಅವಳು. ನೂರು ಜನರ ಗಲಾಟೆಯ ಮೇಲೆ ತನ್ನ ದನಿ ಏರಿಸಬಲ್ಲವಳು ಇವತ್ತು ಬಂದವರ ಮಾತಿಗೆಲ್ಲ ಬರೀ ಹೂಂ ಎನ್ನುತ್ತಿದ್ದಳು. ಒಮ್ಮೆ ಮಾತ್ರ ತಲೆಯೆತ್ತಿ ಕೇಳಿದಳು.

"ಚಿಕ್ಕಪ್ಪ, ಒಲೇನ ಯಾಕೆ ಅಲ್ಲಿಟ್ರು? ಅಮ್ಮ ಅದನ್ನ ಕೋಣೆ ನಡುವೆ ಇಟ್ಕೊಂಡು ಎಲ್ಲರ ಕಾಲಿಗೂ ಅಡ್ಡ ಮಾಡ್ತಿದ್ಲು. ಎಷ್ಟು ಜಗಳ ಆಡಿದ್ದೆ ನಾನು, ಗೋಡೆ ಪಕ್ಕಕ್ಕೆ ಇಟ್ಕೋಬಾರದಾ ಅಂತ."

"ಜಾಗ ಬೇಕಿತ್ತಲ್ಲಮ್ಮ," ಎಂದ ಅವನು, ಹೂವಿನ ಕಡೆ ನೋಡುತ್ತ.

*

ಇಪ್ಪತ್ತೆರಡು ವರ್ಷದ ಹಿಂದೆ ಒಲೆ ಗೋಡೆಯ ಪಕ್ಕದಲ್ಲೇ ಇತ್ತು.

ಬಜ್ಜಿ ವ್ಯಾಪಾರವೆಂದರೆ ಮಳೆಯ ವ್ಯಾಪಾರ. ಬಿಸಿಲಿಗೆ ನೊಣ ಹೊಡೆಯುವ ಅಂಗಡಿ, ನಾಲ್ಕು ಹನಿ ಬಿದ್ದರೆ ಸಾಕು, ಕಾಲಿಡಲು ಜಾಗವಿಲ್ಲ. ಅತ್ತಿಗೆಯ ಕೈಯ ಮೆಣಸಿನಕಾಯಿ ಬಜ್ಜಿ, ಈರುಳ್ಳಿ ಪಕೋಡ, ಬಾಳೆಕಾಯಿ ಬಜ್ಜಿ ಎಂದರೆ ಜನ ಕೊಡೆ ಹಿಡಿದು ಕಾಯುತ್ತಿದ್ದರು. ಥಂಡಿಗೆ ಕಡಲೆಹಿಟ್ಟು ತೇವ ಕುಡಿಯುತ್ತದೆ, ಬಜ್ಜಿ ಮೆತ್ತಗಾಗುತ್ತದೆ. ಹಾಗಾಗಿ ಅವಳು ಹಿಟ್ಟನ್ನು ಮೊದಲು ಬಾಣಲೆಯಲ್ಲಿ ಬೆಚ್ಚಗೆ ಮಾಡಿ, ಕಲೆಸುವಾಗ ಒಂದು ಸೌಟು ಕಾದ ಎಣ್ಣೆ ಹಾಕುತ್ತಿದ್ದಳು. ಹಿಟ್ಟಿನ ಕೈ ತೊಳೆದು, ಸೆರಗಿನಿಂದ ಎರಡು ಸಲ ಒರೆಸಿಕೊಳ್ಳದೆ ಒಲೆಯ ಹತ್ತಿರ ಹೋಗುತ್ತಿರಲಿಲ್ಲ. ಅಷ್ಟು ಅಚ್ಚುಕಟ್ಟಿನ ಹೆಂಗಸು.

"ಒಲೆ ಮೇಲಿನ ತಗಡು ತೂತು ಬಿದ್ದಿದೆ ಕಣಪ್ಪ," ಎಂದು ಅವಳು ಮೂರು ಸಲ ಹೇಳಿದ್ದಳು.

"ಮಳೆಗಾಲದಲ್ಲಿ ಸೂರು ಬಿಚ್ಚೋಕಾಗುತ್ತಾ ಅತ್ತಿಗೆ? ಮೂರು ದಿನ ಅಂಗಡಿ ಮುಚ್ಚಬೇಕಾಗುತ್ತೆ. ಮಳೆ ಮುಗೀಲಿ," ಎಂದು ಅವನು ಮೂರು ಸಲವೂ ಹೇಳಿದ. ಮೂರನೆಯ ಸಲ ಮಾತ್ರ ಸ್ಟೂಲು ಹತ್ತಿ, ತೂತಿನ ಕೆಳಗೆ ಒಂದು ಪ್ಲಾಸ್ಟಿಕ್ ಹಾಳೆ ಸಿಕ್ಕಿಸಿದ. ಬಂದ ಕಷ್ಟವನ್ನು ನಾಳೆಗೆ ದೂಡಿದರೆ ಆಯಿತು ಎಂಬ ಜಾತಿಯ ಮನುಷ್ಯ ಅವನು. ಹಾಳೆಯಲ್ಲಿ ನೀರು ತುಂಬಿ ಹೊಟ್ಟೆಯ ಹಾಗೆ ಜೋತುಬಿತ್ತು. ಮರುದಿನ ಸಂಜೆ ಗಿರಾಕಿಗಳು ಕಿಕ್ಕಿರಿದಿದ್ದಾಗ ಗಾಳಿ ಬೀಸಿ ಹಾಳೆ ಒಂದು ಕಡೆ ವಾಲಿತು. ಅಷ್ಟೂ ನೀರು ಒಮ್ಮೆಗೇ ಕುದಿಯುವ ಎಣ್ಣೆಗೆ ಬಿತ್ತು.

ಅವಳ ಕೂಗನ್ನು ಅವನು ಗಲ್ಲಾಪೆಟ್ಟಿಗೆಯ ಮುಂದೆ ನಿಂತು ಕೇಳಿದ. ಓಡಿಹೋಗಿ ಎತ್ತಿಕೊಂಡ, ಆಸ್ಪತ್ರೆಗೆ ಸೇರಿಸಿದ, ರಾತ್ರಿಯೆಲ್ಲ ಹೊರಗೆ ಕೂತು ಅತ್ತ. ಅದರಲ್ಲೇನೂ ಸುಳ್ಳಿರಲಿಲ್ಲ.

ಸುಳ್ಳು ಬಂದದ್ದು ನಾಲ್ಕನೆಯ ದಿನ, ಅಣ್ಣ ಬಂದಾಗ. ಅಣ್ಣ ಲಾರಿ ಡ್ರೈವರ್. ಕೋಪ ಬಂದರೆ ಹಿಂದುಮುಂದು ನೋಡುವವನಲ್ಲ. "ಹೇಗಾಯ್ತೋ ಇದು?" ಎಂದು ಅವನು ಹಾಸಿಗೆಯ ಪಕ್ಕದಲ್ಲೇ ಕೇಳಿದಾಗ ತಮ್ಮ ಒಂದು ಹೆಜ್ಜೆ ಹಿಂದೆ ಸರಿದ.

"ಅದು... ಅತ್ತಿಗೆ ಕೈ ಒದ್ದೆ ಇತ್ತು ಅಣ್ಣ. ತೊಳ್ಕೊಂಡು ಬಂದು ಕೊಡವಿಬಿಟ್ರು. ನೀರು ಎಣ್ಣೆಗೆ ಬಿತ್ತು."

ಬ್ಯಾಂಡೇಜಿನ ನಡುವಿನಿಂದ ಒಂದು ಕಣ್ಣು ಅವನನ್ನು ನೋಡಿತು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಆಶ್ಚರ್ಯವಿತ್ತು. ಅಣ್ಣ ಹೆಂಡತಿಯ ಕಡೆ ತಿರುಗಿದ.

"ಹೌದೇನೇ?"

ಅವಳು "ಹೂಂ, ಕೈ ಒದ್ದೆ ಇತ್ತು," ಎಂದಳು. ಅಣ್ಣತಮ್ಮಂದಿರ ನಡುವೆ ಬೆಂಕಿ ಬೀಳಬಾರದೆಂದು ಅದನ್ನೂ ಹೊಟ್ಟೆಗೆ ಹಾಕಿಕೊಂಡಳು.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಗಿರಾಕಿಗಳು ಕೇಳುತ್ತಿದ್ದರು, ಇವನು ಹೇಳುತ್ತಿದ್ದ. ಹೇಳಿದಾಗೆಲ್ಲ ಒಂದಿಷ್ಟು ಉಪ್ಪುಖಾರ ಸೇರುತ್ತಿತ್ತು. ಕೈ ಕೊಡವುವ ಅಭಿನಯ ಬಂತು. 'ಅಯ್ಯೋ ಮೈದುನಾ, ಎಣ್ಣೆಗೆ ನಾನಂದ್ರೆ ಆಗಲ್ಲ!' ಎಂದು ಅವಳು ಎಂದೂ ಆಡದ ಮಾತು ಬಂತು. ಜನ ನಕ್ಕರು. ಒದ್ದೆಗೈಯಮ್ಮ ಎಂಬ ಹೆಸರು ಬಂತು. ಅಂಗಡಿಗೂ ಅದೇ ಹೆಸರಾಯಿತು. ಆ ಮುಖ ಕಂಡರೆ ಗಿರಾಕಿ ಹೆದರುತ್ತಾರೆಂದು ಅವನು ಹಲಗೆಯ ಅಡ್ಡಗೋಡೆ ಕಟ್ಟಿಸಿದ. ಹಾಗಾಗಿ ಈಚೆ ಅವನು ಅಭಿನಯಿಸುವಾಗ ಆಚೆ ಅವಳು ಅಷ್ಟನ್ನೂ ಕೇಳಿಸಿಕೊಳ್ಳುತ್ತ ಬಜ್ಜಿ ಬಿಡುತ್ತಿದ್ದಳು.

ಆಸ್ಪತ್ರೆಯಿಂದ ಬಂದ ವರ್ಷ ಒಂದೇ ಒಂದು ಸಲ ಕೇಳಿದಳು.

"ಈಗಲಾದ್ರೂ ಸೂರು ಸರಿ ಮಾಡಿಸ್ತೀಯೇನಪ್ಪ?"

"ಈಗ ಮಾಡಿಸಿದ್ರೆ ಅಣ್ಣನಿಗೆ ಅನುಮಾನ ಬರಲ್ವಾ ಅತ್ತಿಗೆ?"

ಮರುದಿನ ಒಲೆ ಕೋಣೆಯ ನಡುವಿಗೆ ಬಂದಿತ್ತು. ಸೂರಿನಿಂದ ಡಬ್ಬ ತೂಗುತ್ತಿತ್ತು. ಅಣ್ಣ ಸತ್ತು ಹನ್ನೊಂದು ವರ್ಷವಾದರೂ ಸೂರು ಹಾಗೇ ಇತ್ತು. ಹೆದರಬೇಕಾದ ಅಣ್ಣನೇ ಹೋದ ಮೇಲೂ ಅವನು ಅದನ್ನು ನಾಳೆಗೆ ದೂಡುತ್ತಲೇ ಬಂದ. ಮಳೆಗಾಲವೆಲ್ಲ ಅವಳು ದಿನಕ್ಕೆ ಮೂರು ಸಲ, ಯಾರ ಕಣ್ಣಿಗೂ ಬೀಳದ ಹಾಗೆ, ಆ ಡಬ್ಬ ಬಿಚ್ಚಿ, ನೀರು ಚೆಲ್ಲಿ, ಮತ್ತೆ ಕಟ್ಟುತ್ತಿದ್ದಳು. ಈ ವರ್ಷ ಬೇಸಿಗೆಯಲ್ಲಿ ಹಾಸಿಗೆ ಹಿಡಿದಳು, ಅಂಗಡಿ ಮುಚ್ಚಿತು. ಮೊದಲ ಮಳೆಗೆ ಮುಂಚೆ ಹೋದಳು.

*

ಅವಳನ್ನು ಮಣ್ಣು ಮಾಡಿ ಬರುವ ದಾರಿಯಲ್ಲಿ ಮೊದಲ ಮಳೆ ಹಿಡಿಯಿತು. ಬಿಳಿಚಿಕೊಂಡಿದ್ದ ಆಕಾಶ ಕಾಲು ಗಂಟೆಯಲ್ಲಿ ಕಪ್ಪಾಗಿ, ಕೊಡದಲ್ಲಿ ಹೊಯ್ದಂತೆ ಸುರಿಯಿತು. ಇಪ್ಪತ್ತು ಮೂವತ್ತು ಜನ ತೊಪ್ಪೆಯಾಗಿ ಅಂಗಡಿಗೆ ನುಗ್ಗಿದರು. ಬೆಳಗ್ಗೆಯಿಂದ ಯಾರ ಹೊಟ್ಟೆಗೂ ಏನೂ ಬಿದ್ದಿರಲಿಲ್ಲ.

ಮಗಳು ಸೆರಗು ಹಿಂಡಿಕೊಂಡು ಸೀದಾ ಒಲೆಯ ಬಳಿ ಹೋದಳು. ಬಾಣಲೆಗೆ ಎಣ್ಣೆ ಸುರಿದು ಒಲೆ ಹಚ್ಚಿದಳು.

"ಏನೇ ಇದು? ಸಾವಿನ ಮನೇಲಿ ಎಣ್ಣೆ ಇಡೋದುಂಟಾ?" ಎಂದಳು ಹಿರಿಯ ಸೋದರತ್ತೆ.

"ಮಳೆ ಬರ್ತಾ ಎಣ್ಣೆ ಇಡದಿದ್ರೆ ಈ ಮನೇಲಿ ಅದೇ ದೊಡ್ಡ ಸಾವು, ಅತ್ತೆ. ನೆನೆದು ಬಂದವರನ್ನ ಹಾಗೇ ಕಳಿಸ್ಬೇಡ ಅಂತ ಅಮ್ಮ ಹೇಳಿದ್ಲು." ಮಗಳು ಹಿಟ್ಟಿನ ಡಬ್ಬ ತೆರೆದಳು. "ಈರುಳ್ಳಿ ಯಾರಾದ್ರೂ ಹೆಚ್ಚಿ ಕೊಡಿ. ಬೇಗ ಬೇಗ."

ಟಿಕೆಟ್ ಕೇಳುವ ದನಿ ಅದು. ಇಬ್ಬರು ಕೂಡಲೇ ಎದ್ದರು. ಸೋದರತ್ತೆಯೂ ಗೊಣಗುತ್ತ ಈಳಿಗೆಮಣೆ ಎಳೆದುಕೊಂಡಳು.

ಎಣ್ಣೆ ಕಾಯುವ ವಾಸನೆಗೆ ಜನರ ಮೈ ಸಡಿಲವಾಯಿತು. ತಗಡಿನ ಮೇಲೆ ಮಳೆ ದಬದಬ ಬಡಿಯುತ್ತಿತ್ತು. ಬೆಂಚಿನ ಮೇಲೆ ಒತ್ತೊತ್ತಾಗಿ ಕೂತವರು ಒಬ್ಬೊಬ್ಬರೇ ಮಾತಿಗಿಳಿದರು.

"ಯಜಮಾನ್ರೇ, ಒಂದ್ಸಲ ಆ ಕತೆ ಹೇಳಿಬಿಡಿ," ಎಂದರು ಪೋಸ್ಟ್‌ಮ್ಯಾನ್, ಕಣ್ಣೊರೆಸಿಕೊಳ್ಳುತ್ತ. "ಕೊನೇ ಸಲ. ಆಯಮ್ಮನ ಹೆಸರಲ್ಲಿ."

"ಇವತ್ತು ಬೇಡ," ಎಂದ ಅವನು.

"ಹೇಳಿ ಚಿಕ್ಕಪ್ಪ," ಎಂದಳು ಮಗಳು, ಹಿಟ್ಟು ಕಲೆಸುತ್ತ. ಅವಳ ಮುಖದಲ್ಲಿ ಬೆಳಗ್ಗೆಯಿಂದ ಮೊದಲ ಸಲ ಸಣ್ಣ ನಗು ಕಂಡಿತು. "ನೀವು ಅಮ್ಮನ ಹಾಗೆ ಕೈ ಕೊಡವೋದು ನೋಡಿದ್ರೆ, ಅವಳು ಇಲ್ಲೇ ಇದ್ದ ಹಾಗಾಗುತ್ತೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರೆ. ಇಲ್ಲಿ ಅವನನ್ನು ಕಳ್ಳ ಎಂದವರು ಯಾರೂ ಇಲ್ಲ, ಎಲ್ಲರೂ ಪ್ರೀತಿಯಿಂದಲೇ ಕೇಳುತ್ತಿದ್ದರು. ಅದೇ ತಾಳಲಾಗಲಿಲ್ಲ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವನ ಹಾಗೆ ನಿಂತ. ಮೂವತ್ತು ಮುಖಗಳು ಕಾದವು.

ಅವನು ಶುರು ಮಾಡಿದ.

"ಅವತ್ತೂ ಹೀಗೇ ಮಳೆ. ಗಿರಾಕಿ ಅಂದ್ರೆ ಗಿರಾಕಿ. ಅತ್ತಿಗೆ ಹಿಟ್ಟಿನ ಕೈ ತೊಳ್ಕೊಂಡು ಬಂದ್ರು. ನಾನು ಹೇಳ್ದೆ, ಅತ್ತಿಗೆ, ಕೈ ಒರೆಸ್ಕೊಳ್ಳಿ ಅಂತ. ಕೇಳ್ಬೇಕಲ್ಲ? ಬಂದವರೇ, ಹೀಗೆ..."

ಕೈಯೆತ್ತಿದ. ಬೆಂಚಿನ ಮೇಲಿದ್ದವರು ಆಗಲೇ ನಗಲು ಸಿದ್ಧರಾಗಿದ್ದರು. ಆಗ ಅವನ ಕಣ್ಣು ಮಗಳ ತಲೆಯ ಮೇಲಿನ ಸೂರಿಗೆ ಹೋಯಿತು. ಆ ಹಳೆಯ ಪ್ಲಾಸ್ಟಿಕ್ ಹಾಳೆ ಇನ್ನೂ ಅಲ್ಲೇ ಸಿಕ್ಕಿಕೊಂಡಿತ್ತು. ಇಷ್ಟು ವರ್ಷ ಅದು ತುಂಬಿ ಚೆಲ್ಲಿದ್ದನ್ನು ಡಬ್ಬ ಹಿಡಿಯುತ್ತಿತ್ತು. ಈಗ ಡಬ್ಬವಿರಲಿಲ್ಲ. ಹಾಳೆಯ ಹೊಟ್ಟೆ ತುಂಬಿ ಅಲುಗುತ್ತಿತ್ತು. ಅದರ ನೇರ ಕೆಳಗೆ ಬಾಣಲೆಯ ಎಣ್ಣೆ ಹೊಗೆಯಾಡುತ್ತಿತ್ತು. ಎಣ್ಣೆ ಕಾದಿದೆಯೇ ಎಂದು ನೋಡಲು ಮಗಳು ಹಿಟ್ಟಿನ ಒಂದು ಹನಿ ಬಿಟ್ಟು ಬಗ್ಗಿದ್ದಳು.

ಎತ್ತಿದ ಕೈ ಹಾಗೇ ನಿಂತಿತು.

"ಅಲ್ಲಿಂದ ಆಚೆ ಸರಿ! ಸೂರು! ಸೂರು ಸೋರುತ್ತೆ!"

ಬೆಂಚು ಉರುಳಿತು. ಅವನು ಹಾರಿ ಮಗಳ ತೋಳು ಹಿಡಿದು ಎಳೆದ. ಇಬ್ಬರೂ ಹಿಟ್ಟಿನ ಪಾತ್ರೆಯ ಮೇಲೆ ಬಿದ್ದರು. ಅಷ್ಟರಲ್ಲಿ ನೀರು ಇಳಿಯಿತು. ಎಣ್ಣೆ ಭೋರೆಂದು ಎದ್ದು, ಅವಳ ಮುಖವಿದ್ದ ಎತ್ತರಕ್ಕೆ ಗೋಡೆಗೆ ಅಪ್ಪಳಿಸಿತು. ಗೋಡೆಯ ಮೇಲೆ ಅದೇ ಎತ್ತರದಲ್ಲಿ ಹಳೆಯ ಕಂದು ಕಲೆಯೊಂದಿತ್ತು. ಹೊಸದು ಅದರ ಮೇಲೆಯೇ ಬಿದ್ದು ಕೆಳಗೆ ಜಾರಿತು.

ಮಗಳು ಎದ್ದಳು. ಒಲೆ ಆರಿಸಿದಳು. ಗೋಡೆ ನೋಡಿದಳು, ಸೂರು ನೋಡಿದಳು. ಆಮೇಲೆ ಚಿಕ್ಕಪ್ಪನನ್ನು ನೋಡಿದಳು.

"ಇಲ್ಲೇ ಸೋರುತ್ತೆ ಅಂತ ನಿಮಗೆ ಹೇಗೆ ಗೊತ್ತು?"

ಅವನು ಹಿಟ್ಟು ಮೆತ್ತಿದ ಕೈಯೂರಿ ಎದ್ದ.

"ಅತ್ತಿಗೆಯ ಕೈ ಒದ್ದೆ ಇರಲಿಲ್ಲ," ಎಂದ ಅವನು ನೆಲ ನೋಡುತ್ತ. "ಯಾವತ್ತೂ ಇರಲಿಲ್ಲ. ಸೂರು ತೂತಾಗಿದೆ ಅಂತ ಮೂರು ಸಲ ಹೇಳಿದ್ರು. ನಾನೇ ಮಾಡಿಸ್ಲಿಲ್ಲ. ಅಣ್ಣನಿಗೆ ಹೆದರಿ ಸುಳ್ಳು ಹೇಳ್ದೆ."

ಪೋಸ್ಟ್‌ಮ್ಯಾನ್ ತಲೆ ತಗ್ಗಿಸಿದರು. ಅಷ್ಟು ವರ್ಷ ಆ ಕತೆಗೆ ನಕ್ಕವರು ಅವರೂ ಹೌದು. ಅಲ್ಲಿದ್ದ ಒಬ್ಬರೂ ಇನ್ನೊಬ್ಬರ ಮುಖ ನೋಡಲಿಲ್ಲ.

"ಅಮ್ಮನ್ನ ನಾನೂ ಹಾಗೇ ಕರೀತಿದ್ದೆ," ಎಂದಳು ಮಗಳು. "ಸ್ಕೂಲಿಂದ ಬಂದು ಕಿಂಡಿಯಿಂದ ಇಣುಕಿ, ಒದ್ದೆಗೈಯಮ್ಮಾ, ಒಂದು ಬಜ್ಜಿ ಅಂತ. ಅವಳು ಕೊಡ್ತಿದ್ಲು."

ಅವಳು ಬಾಗಿಲ ಹೊರಗೆ ಹೋಗಿ ಆ ಡಬ್ಬ ಎತ್ತಿಕೊಂಡು ಬಂದಳು. ಅದರ ತಂತಿಯನ್ನು ಬೆಳಗ್ಗೆ ಯಾರೋ ಕತ್ತರಿಸಿ ಎಸೆದಿದ್ದರು. ಸೂರಿನ ಕೆಳಗೆ ಸ್ಟೂಲು ಎಳೆದಿಟ್ಟು, ಡಬ್ಬವನ್ನು ಚಿಕ್ಕಪ್ಪನ ಕೈಗೆ ಕೊಟ್ಟಳು.

"ಹತ್ತಿ. ಹಿಡ್ಕೊಳ್ಳಿ."

ಅವನು ಹತ್ತಿದ. ಮಗಳು ಒಬ್ಬಳೇ ಒಲೆಯನ್ನು ಕೋಣೆಯ ನಡುವಿಗೆ ಎಳೆದಳು. ನೆಲದ ಮೇಲೆ ಅಮ್ಮನ ಕಾಲದಲ್ಲಿ ಸವೆದ ನಾಲ್ಕು ಗುಳಿಗಳಿದ್ದವು. ಒಲೆಯ ಕಾಲುಗಳು ಅವುಗಳಲ್ಲಿ ತಾವಾಗಿ ಕೂತವು. ಬೇರೆ ಬಾಣಲೆ ತೊಳೆದು ಒರೆಸಿದಳು, ಹೊಸ ಎಣ್ಣೆ ಹಾಕಿದಳು, ಹಿಟ್ಟು ಕಲೆಸಿದಳು. ಕೈಯನ್ನು ಸೆರಗಿನಿಂದ ಒಂದು ಸಲ ಒರೆಸಿಕೊಂಡಳು. ಇನ್ನೊಂದು ಸಲ ಒರೆಸಿಕೊಂಡಳು.

ಮೊದಲ ಒಬ್ಬೆ ಪೋಸ್ಟ್‌ಮ್ಯಾನ್‌ಗೆ ಹೋಯಿತು. ಅವರು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ತುಂಬಾ ಹೊತ್ತು ಹಾಗೇ ಕೂತರು. ಆಮೇಲೆ ತಟ್ಟೆಗಳು ಒಂದರ ಹಿಂದೊಂದು ಕೈಯಿಂದ ಕೈಗೆ ಸಾಗಿದವು. ಸ್ಟೂಲಿನ ಮೇಲಿದ್ದವನ ಮುಂದೆಯೂ ಹಾದುಹೋದವು. ಅವನ ಎರಡೂ ಕೈ ಮೇಲಿದ್ದವು.

ಡಬ್ಬ ತುಂಬಿತು. ಇಳಿದು ಚೆಲ್ಲಿ ಬಾ ಎಂದು ಯಾರೂ ಹೇಳಲಿಲ್ಲ, ಅವನೂ ಕೇಳಲಿಲ್ಲ. ನೀರು ಅಂಚು ದಾಟಿ ಬೆರಳುಗಳ ಮೇಲೆ, ಮಣಿಕಟ್ಟಿನ ಮೇಲೆ ಇಳಿದು, ತೋಳಿನೊಳಗೆ ಮೊಣಕೈವರೆಗೆ ಹರಿಯುತ್ತಿತ್ತು.